ಆಕರಗಳ ಸಾರಗ್ರಹಣ ಮತ್ತು ಸಮನ್ವಯ

ಸಂಶೋಧನ ಪ್ರಬಂಧವೊಂದರ ಗಟ್ಟಿತನವು ಅದರಲ್ಲಿ ಹೆಸರಿಸಲ್ಪಟ್ಟ ಗ್ರಂಥಗಳ ಸಂಖ್ಯೆಯಿಂದ ಸಿದ್ಧಿಸುವುದಿಲ್ಲ. ಆ ಗ್ರಂಥಗಳ ಆಶಯವನ್ನು ಲೇಖಕನು ಗ್ರಹಿಸಿ ಒಂದುಗೂಡಿಸುವ ರೀತಿಯಿಂದ ಸಿದ್ಧಿಸುತ್ತದೆ. ಇದಕ್ಕೆ ಮೂರು ಸಾಧನಗಳುಂಟು. ದೀರ್ಘವಾದ ಆಕರದಿಂದ ಪ್ರಸ್ತುತ ವಿಷಯಕ್ಕೆ ಅವಶ್ಯವಾದ ಮುಖ್ಯಾಂಶವನ್ನಷ್ಟೇ ಆಯ್ದು ಸಂಕ್ಷೇಪಿಸುವುದು ಸಾರಾಂಶ. ನಿರ್ದಿಷ್ಟ ಭಾಗವೊಂದರ ಅರ್ಥವನ್ನು ಕುಗ್ಗಿಸದೆ, ಹಿಗ್ಗಿಸದೆ ಸ್ವಂತ ಮಾತಿನಲ್ಲಿ ತಿಳಿಸುವುದು ಭಾವಾರ್ಥ. ಹೀಗೆ ಪಡೆದ ವಿಚಾರಗಳನ್ನು ಪರಸ್ಪರ ಹೋಲಿಸಿ, ತೂಗಿ, ಒಂದು ನಿರ್ಣಯದೆಡೆಗೆ ಕೊಂಡೊಯ್ಯುವುದು ಸಮನ್ವಯ. ಮೊದಲಿನೆರಡರಲ್ಲಿ ತಪ್ಪಿದವನಿಗೆ ಮೂರನೆಯದು ದೊರೆಯದು.

ಬಸವಣ್ಣನವರ ಉಪನಯನದ ಪ್ರಸಂಗವನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಹರಿಹರನ ರಗಳೆಯಂತೆ, ಬಸವಣ್ಣನವರು ಬಾಲ್ಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಅಜ್ಜಿಯ ಆಶ್ರಯದಲ್ಲಿ ಬೆಳೆದರು. ಧರಿಸಿದ್ದ ಜನಿವಾರವನ್ನು ಮುಂದೆ ಕಿತ್ತೊಗೆದು ಕೂಡಲಸಂಗಮಕ್ಕೆ ತೆರಳಿದರು. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ ತಂದೆ ಜೀವಂತನಾಗಿದ್ದಾನೆ. ಬಾಲಕನು ಆತನೊಡನೆ ವಾದಿಸಿ ಉಪನಯನವನ್ನೇ ಒಲ್ಲೆನೆನ್ನುತ್ತಾನೆ.

ಈ ಎರಡನ್ನೂ ಓದಿದವನು, ‘ತಂದೆತಾಯಿಗಳನ್ನು ಎಳವೆಯಲ್ಲಿಯೇ ಕಳೆದುಕೊಂಡ ಬಸವಣ್ಣನವರು ತಂದೆಯೊಡನೆ ವಾದಿಸಿ ಮನೆಯನ್ನು ತೊರೆದರು’ ಎಂದು ಬರೆದರೆ ದೋಷವು ಎದ್ದು ಕಾಣುತ್ತದೆ. ‘ಬಸವಣ್ಣನವರು ಉಪನಯನವನ್ನು ತಿರಸ್ಕರಿಸಿದರೆಂದು ಇಬ್ಬರೂ ಹೇಳುತ್ತಾರೆ’ ಎಂದು ಬರೆದರೆ ದೋಷವು ಅಡಗಿರುತ್ತದೆ. ಆದುದರಿಂದಲೇ ಅದು ಹೆಚ್ಚು ಅಪಾಯಕರ. ಧರಿಸಿದ ಜನಿವಾರವನ್ನು ತ್ಯಜಿಸುವುದು ಬೇರೆ, ಧರಿಸಲು ನಿರಾಕರಿಸುವುದು ಬೇರೆ. ‘ತಿರಸ್ಕರಿಸಿದರು’ ಎಂಬ ಒಂದೇ ಪದವು ಇಬ್ಬರು ಕವಿಗಳ ಭೇದವನ್ನು ಅಳಿಸಿಬಿಡುತ್ತದೆ.

ಇನ್ನೊಂದು ಎಚ್ಚರಿಕೆಯೂ ಅವಶ್ಯ. 1369ರಲ್ಲಿ ರಚಿತವಾದ ಭೀಮಕವಿಯ ಕನ್ನಡ ಬಸವಪುರಾಣವು ಸೋಮನಾಥನ ಕೃತಿಯನ್ನೇ ಆಧರಿಸಿದುದು. ಅದನ್ನು ಪ್ರತ್ಯೇಕ ಸಾಕ್ಷಿಯೆಂದು ಎಣಿಸಿ, ‘ಹರಿಹರನೊಬ್ಬನ ವಿರುದ್ಧ ಇಬ್ಬರು’ ಎಂದು ತೀರ್ಮಾನಿಸುವುದು ನ್ಯಾಯವಲ್ಲ; ಅಲ್ಲಿರುವುದು ಒಂದೇ ಧ್ವನಿಯ ಪ್ರತಿಧ್ವನಿ. ಬಸವಣ್ಣನವರಿಗೆ ಸಂಬಂಧಿಸಿದುದೆಂದು ವಿದ್ವಾಂಸರು ಗುರುತಿಸಿರುವ 1260ರ ಅರ್ಜುನವಾಡ ಶಾಸನವು ಬಾಗೇವಾಡಿಯನ್ನೂ ತಂದೆ ಮಾದಿರಾಜನನ್ನೂ ಅಗ್ರಜ ದೇವರಾಜನನ್ನೂ ಹೆಸರಿಸುತ್ತದೆ. ಉಪನಯನದ ವಿಷಯದಲ್ಲಿ ಅದು ಮೌನ. ಆ ಮೌನವನ್ನು ಯಾವ ಪಕ್ಷಕ್ಕೂ ಸಮರ್ಥನೆಯಾಗಿ ಬಳಸಲಾಗದು.

ಹಾಗಾದರೆ ಯೋಗ್ಯವಾದ ಸಮನ್ವಯವು ಹೇಗಿರಬೇಕು? ವೈದಿಕ ಕರ್ಮವನ್ನು ಬಿಟ್ಟು ಶಿವಭಕ್ತಿಯನ್ನು ಹಿಡಿದರೆಂಬಲ್ಲಿ ಹರಿಹರ ಸೋಮನಾಥರು ಒಮ್ಮತದವರು. ಜನಿವಾರವನ್ನು ಧರಿಸಿ ತ್ಯಜಿಸಿದರೆಂದು ಮೊದಲನೆಯವನೂ, ಧರಿಸಲೇ ಇಲ್ಲವೆಂದು ಎರಡನೆಯವನೂ ಹೇಳುತ್ತಾರೆ. ಭೀಮಕವಿಯು ಎರಡನೆಯವನನ್ನು ಅನುಸರಿಸುತ್ತಾನೆ. ಶಾಸನವು ಕುಲ ಮತ್ತು ಸ್ಥಳಗಳನ್ನಷ್ಟೇ ತಿಳಿಸುತ್ತದೆ. ಇಷ್ಟನ್ನು ಹೇಳಿದ ನಂತರವೇ ಲೇಖಕನು ತನ್ನ ಅಭಿಪ್ರಾಯವನ್ನು ಮಂಡಿಸತಕ್ಕದ್ದು.

ಅಭ್ಯಾಸಿಯು ಆಕರವನ್ನು ಓದಿ, ಪುಸ್ತಕವನ್ನು ಮುಚ್ಚಿಟ್ಟು, ತಿಳಿದುದನ್ನು ಬರೆದು, ಮತ್ತೆ ಮೂಲದೊಡನೆ ಹೋಲಿಸಿ ನೋಡಬೇಕು. ಮೂಲದ ವಾಕ್ಯದಲ್ಲಿ ನಾಲ್ಕಾರು ಪದಗಳನ್ನು ಬದಲಿಸಿದ ಮಾತ್ರಕ್ಕೆ ಅದು ಭಾವಾರ್ಥವೆನಿಸದು. ಮಾತು ಸ್ವಂತದ್ದಾದರೂ ವಿಚಾರವು ಪರರದೇ. ಆದ್ದರಿಂದ ಆಕರದ ಹೆಸರನ್ನು ಸೂಚಿಸುವುದು ಕರ್ತವ್ಯ. ಆಕರಗಳ ಒಮ್ಮತವನ್ನು ತೋರಿಸುವಷ್ಟೇ ಶ್ರದ್ಧೆಯಿಂದ ಅವುಗಳ ಭಿನ್ನಮತವನ್ನೂ ಉಳಿಸಿಕೊಡುವವನೇ ನಿಜವಾದ ಸಮನ್ವಯಕಾರನು.