ಮುಂದುವರಿದ ಭಾಗ: ಕಥೆಗಾಗಿಯೋ, ಹೆಸರಿಗಾಗಿಯೋ?

ಕಥೆಯನ್ನು ದಿನಕ್ಕಿಷ್ಟು ಎಂದು ಕೇಳಿ, ಉಳಿದುದನ್ನು ಮರುದಿನಕ್ಕೆ ಕಾದಿಟ್ಟುಕೊಳ್ಳುವುದು ನಮ್ಮ ಜನರಿಗೆ ಹೊಸದೇನಲ್ಲ. ಶ್ರಾವಣ ಮಾಸದಲ್ಲಿ ಮಠದ ಅಂಗಳದಲ್ಲಿ ತಿಂಗಳುದ್ದಕ್ಕೂ ನಡೆಯುವ ಪುರಾಣ ಪ್ರವಚನಕ್ಕೆ ಊರಿಗೆ ಊರೇ ಸೇರುತ್ತದೆ. ಶಾಸ್ತ್ರಿಗಳು ಕಥೆಯನ್ನು ಒಂದು ಘಟ್ಟಕ್ಕೆ ತಂದು ಮಂಗಲ ಹಾಡಿದರೆ, ಮುಂದೇನಾಯಿತೆಂದು ಮಾತನಾಡಿಕೊಳ್ಳುತ್ತಲೇ ಮನೆಮಂದಿ ಹಿಂತಿರುಗುತ್ತಾರೆ. ವಾರಪತ್ರಿಕೆಯ ಧಾರಾವಾಹಿ ಕಾದಂಬರಿಗಾಗಿ ಅಂಚೆಯವನ ದಾರಿ ಕಾದ ತಲೆಮಾರೊಂದು ಇನ್ನೂ ನಮ್ಮ ನಡುವೆ ಇದೆ. ಆದುದರಿಂದ ಇತ್ತೀಚಿನ ವರ್ಷಗಳಲ್ಲಿ ಚಲನಚಿತ್ರಗಳ ಶೀರ್ಷಿಕೆಯ ಪಕ್ಕದಲ್ಲಿ 'ಭಾಗ ಎರಡು', 'ಅಧ್ಯಾಯ ಒಂದು' ಎಂಬ ಅಂಕೆಗಳು ಕಾಣಿಸಿಕೊಂಡಾಗ ಅದನ್ನು ಕೇವಲ ವ್ಯಾಪಾರದ ಉಪಾಯವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಆದರೆ ಪ್ರವಚನಕ್ಕೂ ಚಿತ್ರಕ್ಕೂ ಒಂದು ವ್ಯತ್ಯಾಸವುಂಟು. ಪ್ರವಚನದ ಮುಂದಿನ ಕಥೆ ಮರುದಿನ ಸಂಜೆ ದೊರೆಯುತ್ತದೆ. ಚಿತ್ರದ ಮುಂದಿನ ಕಥೆಗೆ ವರ್ಷಗಟ್ಟಲೆ ಕಾಯಬೇಕು, ಮತ್ತೊಮ್ಮೆ ಹಣ ತೆರಬೇಕು. ಹೀಗಿರುವಾಗ ಪ್ರೇಕ್ಷಕರಾದ ನಾವು ಕೇಳಬೇಕಾದ ಪ್ರಶ್ನೆ ಸರಳವಾದುದು. ಮೊದಲ ಭಾಗದಲ್ಲಿ ನಿಜವಾಗಿಯೂ ಕಥೆ ಉಳಿದಿತ್ತೇ, ಅಥವಾ ಹೆಸರು ಮಾತ್ರ ಉಳಿದಿತ್ತೇ? ಈ ಒಂದು ಅಳತೆಗೋಲನ್ನು ಹಿಡಿದು ನಾವು ನೋಡಿದ ಕೆಲವು ಕನ್ನಡ ಚಿತ್ರಗಳ ಬಗ್ಗೆ ನಮ್ಮ ಅಭಿಪ್ರಾಯವನ್ನು ಓದುಗರ ಮುಂದಿಡುತ್ತಿದ್ದೇವೆ.

ಹಿಂದಿನ ದಾರಿ

ಕನ್ನಡ ಚಿತ್ರರಂಗಕ್ಕೆ ಸರಣಿ ಚಿತ್ರಗಳು ಅಪರಿಚಿತವಲ್ಲ. 1968ರಲ್ಲಿ ತೆರೆಕಂಡ 'ಜೇಡರ ಬಲೆ'ಯಲ್ಲಿ ಡಾ. ರಾಜ್‌ಕುಮಾರ್ ಅವರು ಸಿಐಡಿ 999 ಎಂಬ ಪತ್ತೇದಾರನಾಗಿ ಬಂದರು. ದೊರೈ-ಭಗವಾನ್ ಜೋಡಿಯ ಆ ಪತ್ತೇದಾರ 'ಗೋವಾದಲ್ಲಿ ಸಿಐಡಿ 999', 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999' ಚಿತ್ರಗಳಲ್ಲಿ ಮರಳಿ ಬಂದು, 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'ನಲ್ಲಿಯೂ ಕಾಣಿಸಿಕೊಂಡನು. ನಾಯಕ ಒಬ್ಬನೇ ಆದರೂ ಪ್ರತಿಯೊಂದು ಕಥೆಯೂ ಅಲ್ಲಲ್ಲಿಗೆ ಮುಗಿಯುತ್ತಿತ್ತು. ಒಂದನ್ನು ನೋಡದವನಿಗೆ ಇನ್ನೊಂದು ಅರ್ಥವಾಗದೆಂಬ ಭಯವಿರಲಿಲ್ಲ.

ಇನ್ನೊಂದು ಉದಾಹರಣೆ ಇದಕ್ಕಿಂತಲೂ ಸ್ವಾರಸ್ಯವಾದುದು. 1972ರಲ್ಲಿ ಪುಟ್ಟಣ್ಣ ಕಣಗಾಲ್ ಅವರು 'ನಾಗರಹಾವು' ಚಿತ್ರವನ್ನು ನಿರ್ದೇಶಿಸಲು ಹೊರಟಾಗ ಅವರ ಕೈಯಲ್ಲಿದ್ದುದು ತ.ರಾ.ಸು. ಅವರ ಒಂದು ಕಾದಂಬರಿಯಲ್ಲ, ಮೂರು: 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ'. ಮೂರು ಪುಸ್ತಕಗಳ ಸತ್ವವನ್ನು ಅವರು ಒಂದೇ ಚಿತ್ರದಲ್ಲಿ ಅಡಕಗೊಳಿಸಿದರು. ರಾಮಾಚಾರಿಯ ಬಾಳು ಚಿತ್ರದುರ್ಗದ ಬಂಡೆಗಳ ನಡುವೆ ಆರಂಭವಾಗಿ ಅಲ್ಲಿಯೇ ಮುಗಿಯಿತು. ಅಂದು ಮೂರು ಕಥೆಗಳು ಒಂದು ಚಿತ್ರವಾದವು. ಇಂದು ಒಂದು ಕಥೆಯೇ ಎರಡು, ಮೂರು ಚಿತ್ರಗಳಾಗುತ್ತಿದೆ. ಕಾಲ ಬದಲಾಗಿದೆ ಎಂಬುದನ್ನು ಒಪ್ಪೋಣ. ಆದರೆ ಹಿಗ್ಗಿಸಿದ ಮಾತ್ರಕ್ಕೆ ಕಥೆಯ ತೂಕ ಹೆಚ್ಚುವುದಿಲ್ಲ.

ಹೆಸರಿನ ಬಲ

2006ರ ಡಿಸೆಂಬರ್ ಕೊನೆಯಲ್ಲಿ ತೆರೆಕಂಡ ಯೋಗರಾಜ್ ಭಟ್ ಅವರ 'ಮುಂಗಾರು ಮಳೆ' ಕೊಡಗಿನ ಮಳೆಯಲ್ಲಿ ನೆಂದ ಪ್ರೇಮಕಥೆ. ತಾನು ಒಲಿದವಳನ್ನು ಮತ್ತೊಬ್ಬನಿಗೆ ಬಿಟ್ಟುಕೊಟ್ಟು ನಾಯಕನು ಹಿಂತಿರುಗುವಲ್ಲಿ ಆ ಕಥೆ ಪೂರ್ಣವಾಗಿತ್ತು. ಪ್ರೇಕ್ಷಕನ ಮನಸ್ಸಿನಲ್ಲಿ ನೋವು ಉಳಿಯಿತೇ ಹೊರತು ಪ್ರಶ್ನೆ ಉಳಿಯಲಿಲ್ಲ. 2016ರಲ್ಲಿ ಬೇರೆ ನಿರ್ದೇಶಕರಿಂದ ಬಂದ 'ಮುಂಗಾರು ಮಳೆ 2' ಅದೇ ನಾಯಕನಟ ಗಣೇಶ್ ಅವರನ್ನಿಟ್ಟುಕೊಂಡು ಸಂಪೂರ್ಣ ಹೊಸ ಕಥೆಯನ್ನು ಹೇಳಿತು. ಬೇರೆ ಹೆಸರಿನಲ್ಲಿ ಬಂದಿದ್ದರೆ ಅದನ್ನು ಅದರ ಗುಣದೋಷಗಳಿಂದಲೇ ತೂಗುತ್ತಿದ್ದೆವು. ಹಳೆಯ ಹೆಸರನ್ನು ಹೊತ್ತುದರಿಂದ ಪ್ರತಿ ದೃಶ್ಯದಲ್ಲಿಯೂ ಹತ್ತು ವರ್ಷ ಹಿಂದಿನ ಮಳೆಯನ್ನೇ ಹುಡುಕುವಂತಾಯಿತು. ಹೆಸರು ಪ್ರೇಕ್ಷಕನನ್ನು ಚಿತ್ರಮಂದಿರದ ಬಾಗಿಲವರೆಗೆ ಕರೆತರಬಲ್ಲುದು, ಒಳಗೆ ಕುಳಿತ ಮೇಲೆ ಅವನನ್ನು ಹಿಡಿದಿಡುವ ಕೆಲಸ ಕಥೆಯದು.

2004ರ 'ಆಪ್ತಮಿತ್ರ' ಮತ್ತು 2010ರ 'ಆಪ್ತರಕ್ಷಕ'ದ ಸಂಗತಿ ಸ್ವಲ್ಪ ಬೇರೆ. ಎರಡನ್ನೂ ಪಿ. ವಾಸು ನಿರ್ದೇಶಿಸಿದರು, ಎರಡರಲ್ಲಿಯೂ ಡಾ. ವಿಷ್ಣುವರ್ಧನ್ ಅವರು ಮನೋವೈದ್ಯನಾಗಿ ಬಂದರು. ಮೊದಲ ಚಿತ್ರ ತೆರೆಕಾಣುವ ಮುನ್ನವೇ ನಟಿ ಸೌಂದರ್ಯ ದುರ್ಮರಣಕ್ಕೀಡಾದರು. ಎರಡನೆಯದು ತೆರೆಕಾಣುವ ಮುನ್ನ, 2009ರ ಡಿಸೆಂಬರ್ 30ರಂದು, ವಿಷ್ಣುವರ್ಧನ್ ಅವರೇ ಅಗಲಿದರು. ಕಥೆಯ ಅಳತೆಗೋಲಿನಿಂದ ನೋಡಿದರೆ ಆ ಎರಡನೆಯ ಚಿತ್ರ ಅನಿವಾರ್ಯವೇನೂ ಆಗಿರಲಿಲ್ಲ. ಆದರೆ ಅಗಲಿದ ಹಿರಿಯನ ದರ್ಶನಕ್ಕೆ ಹೋಗುವಂತೆ ಜನ ಚಿತ್ರಮಂದಿರಕ್ಕೆ ಹೋದರು. ಅದು ವಿಮರ್ಶೆಯ ವ್ಯಾಪ್ತಿಗೆ ಸೇರದ ಮಾತು.

ಮನೆಯೊಳಗಿನ ಭಯ

ಕುಟುಂಬದವರೆಲ್ಲ ಒಟ್ಟಿಗೆ ಕುಳಿತು ಚರ್ಚಿಸಬಹುದಾದ ಮುಂದುವರಿದ ಭಾಗವೆಂದರೆ 'ದೃಶ್ಯ 2'. ಮಲಯಾಳದ ಮೂಲಚಿತ್ರವನ್ನು ಆಧರಿಸಿ 2014ರಲ್ಲಿ ಬಂದ 'ದೃಶ್ಯ'ದಲ್ಲಿ ರವಿಚಂದ್ರನ್ ಅವರದು ಕೇಬಲ್ ಟಿ.ವಿ. ನಡೆಸುವ ಸಾಧಾರಣ ಗೃಹಸ್ಥನ ಪಾತ್ರ. ಮಗಳ ಮಾನಕ್ಕೆ ಕೈಹಾಕಿದ ಹುಡುಗನೊಬ್ಬ ಅವಳ ಕೈಯಿಂದಲೇ ಅನಿರೀಕ್ಷಿತವಾಗಿ ಸಾಯುತ್ತಾನೆ. ತಂದೆ ತನ್ನ ಬುದ್ಧಿಬಲದಿಂದ ಮನೆಯವರನ್ನು ಕಾನೂನಿನ ಕೈಗೆ ಸಿಗದಂತೆ ಉಳಿಸಿಕೊಳ್ಳುತ್ತಾನೆ. ಅಂದು ಚಿತ್ರಮಂದಿರದಲ್ಲಿ ನಾವೆಲ್ಲ ಅವನ ಪಕ್ಷವನ್ನೇ ವಹಿಸಿದೆವು, ಅವನು ಗೆದ್ದಾಗ ಚಪ್ಪಾಳೆ ತಟ್ಟಿದೆವು.

2021ರ ಡಿಸೆಂಬರ್‌ನಲ್ಲಿ ಬಂದ ಎರಡನೆಯ ಭಾಗ ಆ ಚಪ್ಪಾಳೆಯ ಬೆಲೆಯನ್ನು ಕೇಳುತ್ತದೆ. ವರ್ಷಗಳು ಕಳೆದಿವೆ, ಮನೆಗೆ ಅನುಕೂಲವೂ ಬಂದಿದೆ. ಆದರೂ ಪೊಲೀಸ್ ವಾಹನದ ಸದ್ದಿಗೆ ಮಗಳ ಜೀವ ನಡುಗುತ್ತದೆ, ತಾಯಿಗೆ ನಿದ್ರೆಯಿಲ್ಲ, ಅಕ್ಕಪಕ್ಕದವರ ಪಿಸುಮಾತು ನಿಂತಿಲ್ಲ. ಮುಚ್ಚಿಟ್ಟ ಸತ್ಯವು ಮನೆಯನ್ನು ಉಳಿಸೀತು, ನೆಮ್ಮದಿಯನ್ನು ಉಳಿಸಲಾರದು ಎಂಬುದು ಈ ಭಾಗದ ತಿರುಳು. ಇಲ್ಲಿ ಕಥೆ ನಿಜವಾಗಿಯೂ ಉಳಿದಿತ್ತು; ಮೊದಲ ಭಾಗ ಮಾಡಿದ ಸಾಲವನ್ನು ಎರಡನೆಯದು ತೀರಿಸಿತು. ಬೆಳೆದ ಮಕ್ಕಳಿರುವ ಮನೆಗಳಲ್ಲಿ ಈ ಎರಡು ಚಿತ್ರಗಳನ್ನು ಜೊತೆಯಾಗಿ ನೋಡಿ, ತಂದೆ ಮಾಡಿದ್ದು ಸರಿಯೇ ಎಂದು ಮಾತನಾಡಿಕೊಳ್ಳುವುದು ಒಳ್ಳೆಯದೆಂದು ನಮಗೆ ತೋರುತ್ತದೆ.

ಚಿನ್ನದ ಗಣಿ ಮತ್ತು ಗಣಿಯ ಜನ

ಕನ್ನಡ ಚಿತ್ರವೊಂದು ದೇಶದಾದ್ಯಂತ ಓಡಬಲ್ಲುದೆಂಬ ಧೈರ್ಯವನ್ನು ತಂದುಕೊಟ್ಟದ್ದು ಪ್ರಶಾಂತ್ ನೀಲ್ ಅವರ 'ಕೆ.ಜಿ.ಎಫ್.' ಮೊದಲ ಅಧ್ಯಾಯ 2018ರ ಡಿಸೆಂಬರ್ 21ರಂದು ಬಂದಿತು. ಕೊರೊನಾ ಪಿಡುಗಿನ ಕಾರಣದಿಂದಲೂ ತಡವಾಗಿ ಎರಡನೆಯದು 2022ರ ಏಪ್ರಿಲ್ 14ರಂದು ತೆರೆಕಂಡಿತು. ಮೊದಲ ಭಾಗದ ಕಥೆಯನ್ನು ಹೇಳುವ ಹಿರಿಯ ಪತ್ರಕರ್ತನ ಪಾತ್ರದಲ್ಲಿ ಅನಂತ್ ನಾಗ್ ಇದ್ದರು. ಎರಡನೆಯದರಲ್ಲಿ ಆ ಪತ್ರಕರ್ತನ ಮಗನಾಗಿ ಪ್ರಕಾಶ್ ರಾಜ್ ಕಥೆಯನ್ನು ಮುಂದುವರಿಸಿದರು. 70ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಎರಡನೆಯ ಅಧ್ಯಾಯಕ್ಕೆ ಅತ್ಯುತ್ತಮ ಕನ್ನಡ ಚಿತ್ರದ ಗೌರವ ಸಂದಿತು.

ತಾಯಿಗೆ ಕೊಟ್ಟ ಮಾತನ್ನು ಮಗ ಹೇಗೆ ಉಳಿಸಿಕೊಂಡನೆಂಬ ಪ್ರಶ್ನೆ ಮೊದಲ ಭಾಗದಲ್ಲಿ ಬಾಕಿಯಿತ್ತು, ಎರಡನೆಯದು ಉತ್ತರಿಸಿತು. ಆ ಮಟ್ಟಿಗೆ ದೂರಿಲ್ಲ. ನಮ್ಮ ಕೊರತೆ ಬೇರೆಯದು. ಮೊದಲ ಭಾಗದಲ್ಲಿ ನರಾಚಿ ಗಣಿಯ ಗುಲಾಮರಿಗೆ ಮುಖಗಳಿದ್ದವು: ಭಯವನ್ನು ನುಂಗಿಕೊಂಡ ಮುದುಕರು, ಬಸುರಿ ಹೆಂಗಸರು, ಬಿಸಿಲಿಗೆ ಕಪ್ಪಾದ ಮಕ್ಕಳು. ಎರಡನೆಯ ಭಾಗದಲ್ಲಿ ಆ ಮುಖಗಳು ಜಯಘೋಷದ ಗುಂಪಿನಲ್ಲಿ ಕರಗಿಹೋದವು. ನಾಯಕ ಬೆಳೆದಷ್ಟೂ ಜನ ಚಿಕ್ಕವರಾದರು.

ಮತ್ತೊಂದು ಮಾತು. ಚಿತ್ರದ ಗಣಿ ಕಲ್ಪಿತವಾದರೂ ಅದು ಹೊತ್ತ ಹೆಸರು ಕಲ್ಪಿತವಲ್ಲ. ಕೋಲಾರದ ಚಿನ್ನದ ಗಣಿಗಳು ಭೂಮಿಯೊಳಕ್ಕೆ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದವು. 1902ರಲ್ಲಿ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು ಮೊದಲು ಹರಿದದ್ದು ಆ ಗಣಿಗಳಿಗೇ. 2001ರಲ್ಲಿ ಗಣಿಗಳು ಮುಚ್ಚಿದಾಗ ಸಾವಿರಾರು ಕುಟುಂಬಗಳ ಜೀವನಾಧಾರ ತಪ್ಪಿತು. ಇಂದು ಕೆ.ಜಿ.ಎಫ್. ಎಂದರೆ ನಮ್ಮ ಮಕ್ಕಳಿಗೆ ಚಿತ್ರದ ನಾಯಕ ನೆನಪಾಗುತ್ತಾನೆ, ಅಲ್ಲಿ ದುಡಿದು ಶ್ವಾಸಕೋಶ ಸವೆಸಿಕೊಂಡ ಕಾರ್ಮಿಕ ನೆನಪಾಗುವುದಿಲ್ಲ. ಎರಡನೆಯ ಅಧ್ಯಾಯದ ಕೊನೆಯಲ್ಲಿ ಮೂರನೆಯದರ ಸುಳಿವೂ ಇದೆ. ಎಷ್ಟು ಅಧ್ಯಾಯಗಳು ಬಂದರೂ, ನಿಜವಾದ ಗಣಿಯ ಕಥೆಯನ್ನು ಮಕ್ಕಳಿಗೆ ಹೇಳುವ ಹೊಣೆ ಮನೆಯವರದೇ ಆಗಿ ಉಳಿಯುತ್ತದೆ.

ಕಾಂತಾರ: ಮುಂದಕ್ಕಲ್ಲ, ಹಿಂದಕ್ಕೆ

ರಿಷಬ್ ಶೆಟ್ಟಿ ಅವರ 'ಕಾಂತಾರ' 2022ರ ಸೆಪ್ಟೆಂಬರ್ 30ರಂದು ತೆರೆಕಂಡಾಗ ಅದರ ಬಗ್ಗೆ ಹೆಚ್ಚಿನ ಅಬ್ಬರವಿರಲಿಲ್ಲ. ನೋಡಿದವರ ಬಾಯಿಮಾತಿನಿಂದಲೇ ಅದು ಬೆಳೆಯಿತು. ಕಂಬಳ, ಕೋಲ, ಗುತ್ತಿನ ಒಡೆಯ, ಅರಣ್ಯಾಧಿಕಾರಿ, ತನ್ನ ನೆಲ ತನ್ನದಲ್ಲವೆಂದು ಕೇಳಿಸಿಕೊಂಡ ಹಳ್ಳಿಗ: ಕರಾವಳಿಯ ಒಂದು ಊರಿನ ನಿತ್ಯಜೀವನವು ಯಾವ ಅಲಂಕಾರವೂ ಇಲ್ಲದೆ ಅಲ್ಲಿತ್ತು. ರಿಷಬ್ ಅವರಿಗೆ ಶ್ರೇಷ್ಠ ನಟನ ರಾಷ್ಟ್ರಪ್ರಶಸ್ತಿ ದೊರೆತುದು ನಮಗೆಲ್ಲ ಸಂತೋಷ ತಂದ ಸಂಗತಿ. ಅದೇ ವರ್ಷ ರಾಜ್ಯ ಸರ್ಕಾರವು 60 ವರ್ಷ ಮೀರಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿಗಳ ಮಾಸಾಶನವನ್ನು ಘೋಷಿಸಿತು. ಚಿತ್ರವೊಂದು ಸಮಾಜದ ಕಣ್ಣನ್ನು ಯಾರತ್ತ ತಿರುಗಿಸಬಲ್ಲುದೆಂಬುದಕ್ಕೆ ಇದು ಸಾಕ್ಷಿ.

2025ರ ಅಕ್ಟೋಬರ್ 2ರಂದು ಬಂದ 'ಕಾಂತಾರ: ಅಧ್ಯಾಯ 1' ಕಥೆಯನ್ನು ಮುಂದಕ್ಕೆ ಒಯ್ಯದೆ ಕದಂಬರ ಕಾಲದಷ್ಟು ಹಿಂದಕ್ಕೆ ಒಯ್ದಿತು. ಕಾಡಿನ ಜನ ಬಂದರಿನ ವ್ಯಾಪಾರಕ್ಕೆ ಇಳಿಯುವುದು, ಅರಸೊತ್ತಿಗೆಗೂ ಅವರಿಗೂ ಘರ್ಷಣೆಯಾಗುವುದು ಇದರ ವಸ್ತು. ಅರವಿಂದ್ ಕಶ್ಯಪ್ ಅವರ ಛಾಯಾಗ್ರಹಣ, ಅಜನೀಶ್ ಲೋಕನಾಥ್ ಅವರ ಸಂಗೀತ, ರುಕ್ಮಿಣಿ ವಸಂತ್ ಅವರ ಅಭಿನಯ ಇವೆಲ್ಲವೂ ಮೆಚ್ಚತಕ್ಕವು. ಕಣ್ಣಿಗೆ ಹಬ್ಬವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಮೊದಲ ಚಿತ್ರದಲ್ಲಿ ಉಳಿದಿದ್ದ ಪ್ರಶ್ನೆ ನೆಲದ್ದು. ಕಾಡಂಚಿನ ಬಡವನಿಗೆ ತಲತಲಾಂತರದ ಭೂಮಿಯ ಮೇಲೆ ಹಕ್ಕಿದೆಯೇ ಎಂಬುದು ಇಂದಿಗೂ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಜೀವಂತವಾಗಿರುವ ಪ್ರಶ್ನೆ. ಕಥೆ ಪುರಾಣದ ಎತ್ತರಕ್ಕೆ ಏರಿದಾಗ ಆ ಪ್ರಶ್ನೆ ನೆಲದಲ್ಲಿಯೇ ಉಳಿದುಹೋಯಿತು.

ಭಕ್ತಿಯುಳ್ಳ ಮನೆಗಳಿಗೆ ಇದರಲ್ಲಿ ಇನ್ನೊಂದು ಪಾಠವುಂಟು. ಚಿತ್ರ ನೋಡಿದ ಕೆಲವರು ಚಿತ್ರಮಂದಿರದಲ್ಲಿಯೂ ಬೀದಿಯಲ್ಲಿಯೂ ದೈವದ ಆವೇಶವನ್ನು ಅನುಕರಿಸತೊಡಗಿದಾಗ ದೈವಾರಾಧಕರು ನೊಂದುಕೊಂಡರು. ಹಾಗೆ ಮಾಡಬಾರದೆಂದು ಚಿತ್ರದ ನಿರ್ಮಾಪಕರೇ ವಿನಂತಿಸಬೇಕಾಯಿತು. ಒಬ್ಬರ ಆರಾಧನೆ ಮತ್ತೊಬ್ಬರ ಆಟವಾಗಬಾರದು. ನಮ್ಮ ಪೂಜೆಯನ್ನು ಅನ್ಯರು ಅಣಕವಾಡಿದರೆ ನಮಗೆ ಹೇಗಾದೀತೆಂದು ಯೋಚಿಸಿದರೆ ಸಾಕು, ಈ ಮಾತು ಮಕ್ಕಳಿಗೂ ಅರ್ಥವಾಗುತ್ತದೆ.

ಒಂದೇ ವರ್ಷದಲ್ಲಿ ಎರಡು ದಡ

ಎರಡು ಭಾಗಗಳ ರಚನೆಯನ್ನು ಪ್ರಾಮಾಣಿಕವಾಗಿ ಬಳಸಿಕೊಂಡ ಚಿತ್ರವೆಂದು ನಾವು ಹೇಮಂತ್ ಎಂ. ರಾವ್ ಅವರ 'ಸಪ್ತಸಾಗರದಾಚೆ ಎಲ್ಲೋ'ವನ್ನು ಹೆಸರಿಸುತ್ತೇವೆ. ಮೊದಲ ಭಾಗ 2023ರ ಸೆಪ್ಟೆಂಬರ್ 1ರಂದು, ಎರಡನೆಯದು ಅದೇ ವರ್ಷದ ನವೆಂಬರ್ 17ರಂದು ಬಂದಿತು. ಸ್ವಂತ ಮನೆಯ ಆಸೆಗಾಗಿ ಧಣಿಯ ಮಗನ ಅಪರಾಧವನ್ನು ಹಣಕ್ಕೆ ತನ್ನ ಮೇಲೆ ಎಳೆದುಕೊಂಡು ಸೆರೆಮನೆ ಸೇರುವ ಕಾರು ಚಾಲಕ ಮನು, ಅವನಿಗಾಗಿ ಕಾದು ಸವೆಯುವ ಪ್ರಿಯಾ. ಇವರ ಕಥೆ ಮೊದಲ ಭಾಗದಲ್ಲಿ ನೀಲಿಯ ಛಾಯೆಯಲ್ಲಿ ನಡೆಯುತ್ತದೆ. ವರ್ಷಗಳ ಬಳಿಕ ಸೆರೆಯಿಂದ ಹೊರಬಂದವನ ತಳಮಳ ಎರಡನೆಯದರಲ್ಲಿ ಕೆಂಪಿನ ಛಾಯೆ ಪಡೆಯುತ್ತದೆ. ಎರಡನೆಯ ಭಾಗ ಮೊದಲಿನದರಷ್ಟು ಬಿಗಿಯಾಗಿಲ್ಲ ಎಂಬ ಆಕ್ಷೇಪವನ್ನು ನಾವೂ ಒಪ್ಪುತ್ತೇವೆ. ಆದರೆ ಒಂದು ತಪ್ಪು ನಿರ್ಧಾರ ಎಷ್ಟು ವರ್ಷ ಎಷ್ಟು ಜನರನ್ನು ಸುಡುತ್ತದೆಂದು ತೋರಿಸಲು ಕಾಲದ ಆ ಅಂತರ ಬೇಕೇ ಇತ್ತು. ಪ್ರೇಕ್ಷಕರನ್ನು ಮೂರು ತಿಂಗಳಿಗಿಂತ ಹೆಚ್ಚು ಕಾಯಿಸದೆ ಮಾತು ಉಳಿಸಿಕೊಂಡದ್ದೂ ಮೆಚ್ಚಬೇಕಾದ ಗುಣ.

ಗೃಹಸ್ಥರ ಕೈಚೀಲ

ಚಿತ್ರ ನೋಡುವುದು ಇಂದು ಮಧ್ಯಮ ವರ್ಗದ ಕುಟುಂಬಕ್ಕೆ ಹಗುರವಾದ ಖರ್ಚಲ್ಲ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರವು ಟಿಕೆಟ್ಟಿನ ದರಕ್ಕೆ ತೆರಿಗೆಯನ್ನು ಬಿಟ್ಟು 200 ರೂಪಾಯಿಗಳ ಮಿತಿಯನ್ನು ವಿಧಿಸಿತಾದರೂ, ಅದೇ ತಿಂಗಳು ಉಚ್ಚ ನ್ಯಾಯಾಲಯವು ಅದಕ್ಕೆ ತಡೆಯಾಜ್ಞೆ ನೀಡಿತು. ಆ ಮಿತಿಯಲ್ಲಿಯೇ ಲೆಕ್ಕ ಹಾಕಿದರೂ ನಾಲ್ವರ ಮನೆಗೆ ಟಿಕೆಟ್ಟಿಗೇ 800 ರೂಪಾಯಿ. ಬಸ್ಸು, ತಿಂಡಿ ಬೇರೆ. ಇಷ್ಟು ಖರ್ಚು ಮಾಡಿ ಅರ್ಧ ಕಥೆಯನ್ನು ಮಾತ್ರ ಹೊತ್ತು ತರುವುದೆಂದರೆ ಮನಸ್ಸಿಗೆ ಹಿತವಾಗದು. ಮೊದಲ ಭಾಗವೂ ತನ್ನಷ್ಟಕ್ಕೆ ಒಂದು ಊಟವಾಗಿರಬೇಕು. ಎಲೆ ಹಾಕಿ, ಪಲ್ಯ ಬಡಿಸಿ, ಅನ್ನಕ್ಕೆ ಮುಂದಿನ ವರ್ಷ ಬನ್ನಿರೆಂದರೆ ಅದು ಆತಿಥ್ಯವಲ್ಲ.

ಇದಕ್ಕೂ ದೊಡ್ಡ ನಷ್ಟವೊಂದಿದೆ. ಅಂಕೆ ಹೊತ್ತ ದೊಡ್ಡ ಚಿತ್ರ ಬಂದ ವಾರ ಊರಿನ ಹೆಚ್ಚಿನ ಪರದೆಗಳು ಅದಕ್ಕೇ ಮೀಸಲಾಗುತ್ತವೆ. ಒಂದೇ ಚಿತ್ರದಲ್ಲಿ ಕಥೆಯನ್ನು ಹೇಳಿ ಮುಗಿಸುವ ಸಣ್ಣ ಚಿತ್ರಗಳು ಬೆಳಗಿನ ಒಂದು ಆಟಕ್ಕೆ ಸರಿದು, ಜನರಿಗೆ ಸುದ್ದಿ ಮುಟ್ಟುವ ಮೊದಲೇ ಇಳಿದುಹೋಗುತ್ತವೆ. 2025ರ ಜುಲೈನಲ್ಲಿ ಬಂದ ಜೆ.ಪಿ. ತುಮಿನಾಡು ಅವರ 'ಸು ಫ್ರಮ್ ಸೋ' ಇದಕ್ಕೆ ಅಪವಾದವಾಯಿತು. ಯುವಕನೊಬ್ಬನ ಮೈಮೇಲೆ ಹೆಣ್ಣೊಬ್ಬಳ ದೆವ್ವ ಬಂದಿದೆಯೆಂದು ನಂಬಿದ ಊರಿನ ಫಜೀತಿಯನ್ನು ಅದು ನಗಿಸುತ್ತ ಹೇಳಿ, ನಗುವಿನ ಕೆಳಗೆ ಒಬ್ಬ ಹೆಣ್ಣುಮಗಳ ನೋವನ್ನೂ ಮುಟ್ಟಿಸಿತು. ದೊಡ್ಡ ತಾರೆಗಳಿಲ್ಲದ ಆ ಚಿತ್ರವನ್ನು ಗೆಲ್ಲಿಸಿದ್ದು ನೋಡಿದವರು ನೆರೆಮನೆಯವರಿಗೆ ಹೇಳಿದ ಎರಡು ಒಳ್ಳೆಯ ಮಾತು.

ಪ್ರೇಕ್ಷಕನ ಕೈಯಲ್ಲಿರುವ ಅಧಿಕಾರ ಇಷ್ಟೇ, ಆದರೆ ಇದು ಅಲ್ಪವಲ್ಲ. ಎರಡನೆಯ ಭಾಗ ಬಂದಾಗ ಮೊದಲ ದಿನವೇ ಧಾವಿಸಬೇಕಾಗಿಲ್ಲ. ನೋಡಿದವರನ್ನು ಕೇಳಿ, ಕಥೆ ಇದೆಯೆಂದರೆ ಮನೆಮಂದಿಯೆಲ್ಲ ಹೋಗೋಣ. ಹೆಸರು ಮಾತ್ರ ಇದೆಯೆಂದರೆ ಆ ಹಣದಲ್ಲಿ, ಅದೇ ವಾರ ಊರಿನ ಯಾವುದೋ ಮೂಲೆಯ ಪರದೆಯಲ್ಲಿ ಓಡುತ್ತಿರುವ ಅಂಕೆಯಿಲ್ಲದ ಒಂದು ಕನ್ನಡ ಚಿತ್ರವನ್ನು ನೋಡೋಣ. ಅದು ಚೆನ್ನಾಗಿದ್ದರೆ ಮರುದಿನ ನಾಲ್ಕು ಮನೆಗಳಿಗೆ ಹೇಳೋಣ.