ಹಾಸಿಗೆಯ ಪಕ್ಕದ ಪಾಠ

ಅಮೆರಿಕದ ಹೂಸ್ಟನ್‌ನಲ್ಲಿ ಬೇಲರ್ ವೈದ್ಯಕೀಯ ಕಾಲೇಜು ಮತ್ತು ಸ್ಥಳೀಯ ಶಾಲಾ ಆಡಳಿತ ಸೇರಿ 1972ರಲ್ಲಿ ಆರೋಗ್ಯ ವೃತ್ತಿಗಳಿಗೆಂದೇ ಒಂದು ಹೈಸ್ಕೂಲು ತೆರೆದವು. ಈಗ ಅದಕ್ಕೆ ಹೃದಯ ಶಸ್ತ್ರಚಿಕಿತ್ಸಕ ಮೈಕೆಲ್ ಡಿಬೇಕಿ ಅವರ ಹೆಸರಿದೆ. 2024ರ ಜನವರಿಯಲ್ಲಿ ಬ್ಲೂಮ್‌ಬರ್ಗ್ ದತ್ತಿ ಸಂಸ್ಥೆ ಇಂಥ ಶಾಲೆಗಳಿಗಾಗಿ 25 ಕೋಟಿ ಡಾಲರ್ ಘೋಷಿಸಿತು. ಹತ್ತು ಕಡೆ ಶಾಲೆ, ಪ್ರತಿ ಶಾಲೆಗೂ ಆಸ್ಪತ್ರೆಯ ಜೊತೆ. ಆಸ್ಪತ್ರೆಗಳಿಗೆ ಜನ ಸಾಲುತ್ತಿಲ್ಲ ಎಂಬುದೇ ಈ ಔದಾರ್ಯಕ್ಕೆ ಕಾರಣ, ಅದರಲ್ಲಿ ಮುಚ್ಚುಮರೆಯೇನಿಲ್ಲ. ಆದರೆ ಮಕ್ಕಳ ಪಾಲಿನ ಲಾಭ ಬೇರೆ. ರೋಗಿಯ ಮೈಮುಟ್ಟಿ ಆರೈಕೆ ಮಾಡುವ ಕೆಲಸ ತನಗೆ ಒಗ್ಗುತ್ತದೋ ಇಲ್ಲವೋ ಎಂಬುದು ಲಕ್ಷಗಟ್ಟಲೆ ಫೀಸು ಕಟ್ಟುವ ಮೊದಲೇ ಗೊತ್ತಾಗುತ್ತದೆ.

ಅಮೆರಿಕದ ಹೈಸ್ಕೂಲುಗಳ ಆರೋಗ್ಯ ವಿಭಾಗದಲ್ಲಿ ಹೆಚ್ಚು ಕಂಡುಬರುವುದು ನರ್ಸಿಂಗ್ ಸಹಾಯಕರ ತರಬೇತಿ. ಕೇಂದ್ರ ಕಾನೂನಿನ ಪ್ರಕಾರ ಅದು ಕನಿಷ್ಠ 75 ಗಂಟೆಯದು. ಅದರಲ್ಲಿ 16 ಗಂಟೆಯಾದರೂ ಮೇಲ್ವಿಚಾರಣೆಯಲ್ಲಿ ಕೈಯಾರೆ ಕೆಲಸ ಮಾಡಬೇಕು. ರೋಗಿಯನ್ನು ಮಂಚದಿಂದ ಗಾಲಿಕುರ್ಚಿಗೆ ಕೂರಿಸುವುದನ್ನೇ ನೋಡಿ. ಕುರ್ಚಿಯನ್ನು ಅವರ ದೇಹದ ಬಲವಿರುವ ಬದಿಗೆ ತಂದಿಟ್ಟು ಬ್ರೇಕ್ ಹಾಕಬೇಕು, ಕಾಲಿಡುವ ಪಟ್ಟಿಗಳನ್ನು ಪಕ್ಕಕ್ಕೆ ಸರಿಸಬೇಕು. ಎದ್ದ ಕೂಡಲೇ ರಕ್ತದೊತ್ತಡ ಇಳಿದು ತಲೆಸುತ್ತು ಬರಬಹುದು, ಹಾಗಾಗಿ ಸ್ವಲ್ಪ ಹೊತ್ತು ಮಂಚದ ಅಂಚಿನಲ್ಲಿ ಕೂರಿಸಬೇಕು. ಸೊಂಟಕ್ಕೆ ಪಟ್ಟಿ ಬಿಗಿದು, ಈಗ ಏಳೋಣವೇ ಎಂದು ಕೇಳಿಯೇ ಎಬ್ಬಿಸಬೇಕು. ಇದೆಲ್ಲ ಪುಸ್ತಕದಲ್ಲಿ ಅರ್ಧ ಪುಟ. ಎದುರಿಗಿರುವ ಅಜ್ಜನ ಮೊಣಕಾಲು ನಡುಗಿದಾಗ ಮಾತ್ರ ಆ ಅರ್ಧ ಪುಟದ ಅರ್ಥವಾಗುತ್ತದೆ. ರಕ್ತದೊತ್ತಡದ ಜೀವಶಾಸ್ತ್ರವೂ ಅಲ್ಲಿಯೇ ತಲೆಗೆ ಹತ್ತುತ್ತದೆ.

ಹದಿನಾರರ ಮಕ್ಕಳ ಕೈಗೆ ರೋಗಿಯನ್ನು ಕೊಡಬಹುದೇ ಎಂಬ ಅಂಜಿಕೆ ಸಹಜ. ಅದಕ್ಕೆ ಉತ್ತರ ನಿಷೇಧವಲ್ಲ, ಮಿತಿ. ರೋಗಿಯನ್ನು ಎತ್ತುವ ವಿದ್ಯುತ್ ಯಂತ್ರವನ್ನು 16–17ರ ಸಹಾಯಕರು ಒಬ್ಬರೇ ನಡೆಸಬಾರದು, ತರಬೇತಾದ ವಯಸ್ಕರ ಜೊತೆಗೂಡಿ ಮಾತ್ರ ಎಂದು ಅಮೆರಿಕದ ಕಾರ್ಮಿಕ ಇಲಾಖೆ 2011ರಲ್ಲಿ ಗೆರೆ ಎಳೆಯಿತು. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಬಡವರ ಮಕ್ಕಳನ್ನು ಕಡಿಮೆ ಸಂಬಳದ ಕೆಲಸಕ್ಕೆ ಕಟ್ಟಿಹಾಕುವ ಉಪಾಯ ಇದು. 2023ರಲ್ಲಿ ಅಲ್ಲಿ ನರ್ಸಿಂಗ್ ಸಹಾಯಕರ ಮಧ್ಯಮ ವಾರ್ಷಿಕ ಸಂಬಳ ಸುಮಾರು 38 ಸಾವಿರ ಡಾಲರ್, ನೋಂದಾಯಿತ ನರ್ಸ್‌ಗಳದು 86 ಸಾವಿರ. ಆಕ್ಷೇಪ ಸುಳ್ಳಲ್ಲ. ತರಬೇತಿಯ ನೆಪದಲ್ಲಿ ವಿಜ್ಞಾನ, ಗಣಿತ ಸಡಿಲವಾದರೆ ಮಗು ಮೊದಲ ಮೆಟ್ಟಿಲಲ್ಲೇ ಉಳಿಯುತ್ತದೆ. ಆದ್ದರಿಂದ ಕೈಕೆಲಸ ಪಠ್ಯಕ್ಕೆ ಬದಲಿಯಾಗದೆ ಅದರ ಜೊತೆಗೇ ಸಾಗಬೇಕು.

ನಮ್ಮಲ್ಲೂ ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಎನ್‌ಎಸ್‌ಕ್ಯುಎಫ್ ಎಂಬ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನ ಅಡಿ 9ನೇ ತರಗತಿಯಿಂದ ವೃತ್ತಿಶಿಕ್ಷಣವಿದೆ. ಅದರ ವಿಷಯಗಳ ದೇಶದ ಪಟ್ಟಿಯಲ್ಲಿ ಆರೋಗ್ಯವೂ ಒಂದು ವಿಭಾಗ. ಆದರೆ ಮನೆಗಳಲ್ಲಿ ಮಾತೆಲ್ಲ ನೀಟ್‌ನದು. ಡಾಕ್ಟರಾಗದಿದ್ದರೆ ಬೇರೆ ಏನೂ ಇಲ್ಲವೇನೋ ಎಂಬಂತೆ. ಎಸ್ಸೆಸ್ಸೆಲ್ಸಿ ಮುಗಿಸಿದ ಮಗು ಪಿಯುನಲ್ಲಿ ಕಲಾ ವಿಭಾಗ ಹಿಡಿದರೂ ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾಕ್ಕೆ ದಾರಿ ಉಂಟು. ಬಿ.ಎಸ್ಸಿ. ನರ್ಸಿಂಗ್‌ಗೆ ಮಾತ್ರ ಭೌತ, ರಸಾಯನ, ಜೀವಶಾಸ್ತ್ರ ಬೇಕೇ ಬೇಕು. ಇದನ್ನು ಹತ್ತನೇ ತರಗತಿಯಲ್ಲೇ ಹೇಳಬೇಕು. ಆರೋಗ್ಯ ವಿಷಯ ಆಯ್ದುಕೊಳ್ಳುವ ಮಕ್ಕಳ ಪೋಷಕರು ಶಾಲೆಯಲ್ಲಿ ಎರಡು ಪ್ರಶ್ನೆ ಕೇಳಲಿ: ವರ್ಷಕ್ಕೆ ಎಷ್ಟು ಗಂಟೆ ಆಸ್ಪತ್ರೆಗೆ ಕರೆದೊಯ್ಯುತ್ತೀರಿ, ಅಲ್ಲಿ ಪಕ್ಕದಲ್ಲಿ ನಿಂತು ಕಲಿಸುವವರು ಯಾರು?