ನಿಂತ ಗಾಡಿಯ ಕೆಳಗೆ

ಆರಿದ್ರೆ ಮಳೆ ಹಿಡಿದಾಗ ಸೋಗೆ ಮಾಡಿನಡಿ ನಿಲ್ಲಿಸಿದ ಪಿಕಪ್ಪು ಸ್ವಾತಿ ಕಳೆಯುವವರೆಗೂ ಅಲ್ಲೇ ಇರುತ್ತದೆ. ಅಡಿಕೆ ಕೊಯ್ಲಿಗಷ್ಟೇ ಅದಕ್ಕೆ ಕೆಲಸ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಜಗಲಿಯಿಂದ ಅದನ್ನೇ ನೋಡುತ್ತಿರುತ್ತೇನೆ. ಕಡುನೀಲಿ ಬಾಗಿಲ ಮೇಲೆ ಬೂಷ್ಟು ಮೊದಲು ಬೂದಿ ಚುಕ್ಕಿಗಳಾಗಿ ಮೂಡಿ, ಪುಷ್ಯದ ಹೊತ್ತಿಗೆ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಮಳೆಯ ಮೊದಮೊದಲ ದಿನಗಳಲ್ಲಿ ಗಂಡು ಮಡಿವಾಳ ಹಕ್ಕಿ ಪಕ್ಕದ ಕನ್ನಡಿಯ ಮೇಲೆ ಕೂತು, ಬಾಲ ನಿಮಿರಿಸಿ, ಬಗ್ಗಿ, ಒಳಗಿನ ಗಂಡನ್ನು ಕುಕ್ಕುತ್ತದೆ.

ಈ ವರ್ಷ ಚಿತ್ತೆ ಮಳೆ ಬಿಡುವು ಕೊಟ್ಟ ಎರಡು ಬೆಳಿಗ್ಗೆ ನನ್ನ ಕಣ್ಣು ಒಂದು ಕುಂಬಾರ ಹುಳದ ಮೇಲಿತ್ತು. ಸುಟ್ಟ ಇಟ್ಟಿಗೆಯ ಬಣ್ಣ, ಹೊಟ್ಟೆಯ ಸುತ್ತ ಕಪ್ಪು ಪಟ್ಟೆ, ಹೊಗೆ ಹಿಡಿದ ಗಾಜಿನಂಥ ರೆಕ್ಕೆ. ಬಚ್ಚಲ ನೀರು ಹರಿಯುವಲ್ಲಿ ಇಳಿದು, ದವಡೆಯಿಂದ ಕೆಸರು ಕೆರೆದು ಉಂಡೆ ಕಟ್ಟಿ, ಗಾಡಿಯ ಅಡಿಗೆ ನುಸುಳುತ್ತಿತ್ತು. ಕೆಲವೊಮ್ಮೆ ಉಂಡೆಯ ಬದಲು ತನ್ನಷ್ಟೇ ಉದ್ದದ ತಿಳಿಹಸಿರು ಹುಳುವೊಂದನ್ನು ಎದೆಗೆ ಅವುಚಿಕೊಂಡು, ಭಾರಕ್ಕೆ ತಗ್ಗಿ ತಗ್ಗಿ ಹಾರಿ ಬರುತ್ತಿತ್ತು. ಎಲ್ಲಿಗೆ ಒಯ್ಯುತ್ತದೆಂದು ನಾನು ಬಗ್ಗಿ ನೋಡಲಿಲ್ಲ.

ಕೊಯ್ಲಿಗೆ ಮುಂಚೆ ಕೀ ತಿರುಗಿಸಿದೆ. ಟಕಟಕಟಕ ಎಂದು ಮರಕುಟಿಗನಂತೆ ಬಡಿದು ನಿಂತಿತು. ಈ ಸದ್ದು ನನಗೆ ಪರಿಚಿತ. ಬ್ಯಾಟರಿಯಲ್ಲಿ ಸ್ವಿಚ್ಚನ್ನು ಎಳೆಯುವಷ್ಟು ಕಸುವಿದೆ, ಸೆಲ್ಫ್ ಮೋಟಾರನ್ನು ತಿರುಗಿಸುವಷ್ಟಿಲ್ಲ. ಮೋಟಾರು ಬೇಡಿದೊಡನೆ ವೋಲ್ಟೇಜು ಕುಸಿದು ಸ್ವಿಚ್ಚು ಕೈಬಿಡುತ್ತದೆ, ಮತ್ತೆ ಹಿಡಿಯುತ್ತದೆ, ಮತ್ತೆ ಬಿಡುತ್ತದೆ. ಮೀಟರು 11.9 ತೋರಿಸಿತು. ತುಂಬಿದ ಬ್ಯಾಟರಿ ಸುಮ್ಮನೆ ಕೂತಾಗ 12.6 ಇರಬೇಕು. ಟರ್ಮಿನಲ್ಲಿನ ಮೇಲೆ ನವಿಲುನೀಲಿ ಹರಳುಗಳು, ಅವುಗಳ ಬುಡದಲ್ಲಿ ಬಿಳಿ ಹಿಟ್ಟು. ಮೊದಲು ನೆಗೆಟಿವ್ ವಯರು ಬಿಚ್ಚಿ, ಅಡುಗೆ ಸೋಡ ಕದಡಿದ ಬಿಸಿನೀರು ಹನಿಸಿದೆ. ಹರಳುಗಳು ನೊರೆಯುಕ್ಕಿಸಿ, ಕರಗಿ, ಕೆಳಗಿನ ಸೀಸ ಮೋಡದ ಬಣ್ಣದಲ್ಲಿ ಹೊಳೆಯಿತು. ರಾತ್ರಿಯಿಡೀ ಚಾರ್ಜಿಗಿಟ್ಟೆ.

ಮರುದಿನ ಒಂದೇ ಸೆಲ್ಫಿಗೆ ಎಂಜಿನ್ ಹಿಡಿಯಿತು. ಆದರೆ ಗುಡ್ಡದ ಏರಿನಲ್ಲಿ ಎರಡು ಕಿಲೋಮೀಟರು ಹೋಗುವುದರೊಳಗೆ ಉಸಿರುಗಟ್ಟಿದಂತೆ ತಗ್ಗಿ, ಅದುರಿ, ನಿಂತಿತು. ಈಗ ಸೆಲ್ಫ್ ಗಟ್ಟಿಯಾಗಿ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಹಾಗಾದರೆ ಕೊರತೆ ಕರೆಂಟಿನದಲ್ಲ, ಡೀಸೆಲಿನದು. ಹೋದ ವರ್ಷ ಅರ್ಧ ಟ್ಯಾಂಕಿನಲ್ಲಿ ನಿಲ್ಲಿಸಿ, ಒಳಗೋಡೆಗೆ ಕಟ್ಟಿದ ನೀರಹನಿ ತಳಕ್ಕಿಳಿದು, ನೀರೂ ಡೀಸೆಲೂ ಕೂಡುವ ಗೆರೆಯಲ್ಲಿ ಕಪ್ಪು ಲೋಳೆಯಾಗಿ ಶಿಲೀಂಧ್ರ ಬೆಳೆದು ಫಿಲ್ಟರು ಕಟ್ಟಿತ್ತು. ಡೀಸೆಲನ್ನೇ ಉಂಡು ಬದುಕುವ ಜೀವ ಅದು! ಅದಕ್ಕೇ ಈ ಸಲ ಟ್ಯಾಂಕನ್ನು ಕಂಠಮಟ್ಟ ತುಂಬಿಸಿದ್ದೆ. ಫಿಲ್ಟರಿನ ತಳದಿಂದ ಗಾಜಿನ ಲೋಟಕ್ಕೆ ಇಳಿಸಿ ಬೆಳಕಿಗೆ ಹಿಡಿದರೆ ತಿಳಿಜೇನಿನ ಬಣ್ಣ, ನೀರಿಲ್ಲ.

ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಸುಯ್ಯೆಂದು ಗಾಳಿ ಒಳಕ್ಕೆ ಹೋಯಿತು, ಬಹಳ ಹೊತ್ತು ಹೋಯಿತು. ಡೀಸೆಲು ಖಾಲಿಯಾದಷ್ಟು ಗಾಳಿ ಒಳಬರಲು ಅಲ್ಲೊಂದು ಸಣ್ಣ ರಬ್ಬರ್ ಪೈಪಿದೆ. ಆಗ ನೆನಪಾಯಿತು, ಚಿತ್ತೆಯ ಆ ಎರಡು ಬೆಳಿಗ್ಗೆ.

ಫಿಲ್ಟರಿನ ತಲೆಯ ಮೇಲಿನ ಪಂಪನ್ನು ಕೈಗೆ ಗಟ್ಟಿಯಾಗುವವರೆಗೆ ಒತ್ತಿ ಏರ್ ತೆಗೆದು, ಮುಚ್ಚಳ ಸಡಿಲವಾಗಿಟ್ಟುಕೊಂಡು ನಿಧಾನವಾಗಿ ಮನೆಗೆ ಬಂದೆ. ಗಾಡಿಯಡಿ ಮಲಗಿ ಪೈಪು ಕಳಚಿದೆ. ಹೊರಬಾಯಿಗೆ ಗೋಡೆ ಸಾರಿಸಿದಷ್ಟು ನಯವಾದ ಮಣ್ಣಿನ ಬಿರಡೆ. ಒಳತುದಿಯ ಮಣ್ಣಿನ ಅಡ್ಡಗೋಡೆಯನ್ನು ನಿಂಬೆ ಮುಳ್ಳಿನಿಂದ ಮೆಲ್ಲಗೆ ಬಿಡಿಸಿದೆ. ಹಸಿರು ಹುಳುಗಳ ಸುಳಿವಿಲ್ಲ. ಅವುಗಳನ್ನು ತಿಂದು ಬೆಳೆದದ್ದು ಅಲ್ಲಿ ಮಲಗಿತ್ತು. ಬೆಣ್ಣೆಯ ಬಣ್ಣದ ಕೋಶ, ಕಾಲುಗಳೆಲ್ಲ ಎದೆಗೆ ಮಡಚಿ, ಮೀಸೆಗಳು ಅವುಗಳ ಪಕ್ಕಕ್ಕೆ ಒರಗಿ. ಕಣ್ಣು ಮಾತ್ರ ಆಗಲೇ ನೇರಳೆಗಪ್ಪು.

ಮುರಿದ ಗೋಡೆಯನ್ನು ಹಸಿಮಣ್ಣಿನಿಂದ ಮುಚ್ಚಿ, ಪೈಪನ್ನು ಹಾಗೇ ಸೋಗೆಯ ಎಡೆಗೆ ಸಿಕ್ಕಿಸಿದೆ. ಗಾಡಿಗೆ ಹೊಸ ಪೈಪು ಹಾಕಿ, ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿದೆ. ಹನ್ನೊಂದನೆಯ ಬೆಳಿಗ್ಗೆ, ಮೊದಲ ಗೊನೆಗಳನ್ನು ಹೇರಿಕೊಂಡು ಬಂದು ನೋಡಿದಾಗ, ಹೊರಬಾಯಿಯ ಬಿರಡೆಯಲ್ಲಿ ದುಂಡನೆಯ ತೂತೊಂದಿತ್ತು.